ಟೂ-ಟಿ ಆಯಿಲ್ ಎಂಜಿನ್‌ಗೆ ಹೋಗ್ತಿದೆಯಾ? ಪಂಪ್ ಬಿಚ್ಚುವ ಮೊದಲು ಇಷ್ಟು ನೋಡಿ

ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಲೈಟ್ ಉರಿಯುತ್ತಿಲ್ಲ, ಅಂದಮೇಲೆ ಎಲ್ಲ ಸರಿಯಿದೆ ಅಂತ ಹಳೇ ಕೈನೆಟಿಕ್ ಹೋಂಡಾ ಸ್ಕೂಟರ್ ಇಟ್ಟುಕೊಂಡಿರುವ ಎಷ್ಟೋ ಜನ ನಂಬಿದ್ದಾರೆ. ಆ ಲೈಟಿಗೆ ಗೊತ್ತಾಗುವುದು ಟ್ಯಾಂಕಿನಲ್ಲಿ ಟೂ-ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪೆಟ್ರೋಲ್ ಜೊತೆಗೇ ಒಳಗೆ ಹೋಗುವ ಆಯಿಲ್) ಇದೆಯೋ ಇಲ್ಲವೋ ಅನ್ನುವುದಷ್ಟೇ. ಇರುವ ಆಯಿಲ್ ಎಂಜಿನ್ನಿಗೆ ತಲುಪುತ್ತಿದೆಯಾ ಅಂತ ಅದು ಹೇಳುವುದಿಲ್ಲ. ಟ್ಯಾಂಕ್ ತುಂಬಿರುವಾಗಲೇ ಪಿಸ್ಟನ್ ಜಾಮ್ ಆಗಿ ನಡುರಸ್ತೆಯಲ್ಲಿ ಗಾಡಿ ನಿಲ್ಲಬಹುದು.

ಚೇತಕ್‌ಗಾದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕುತ್ತಿದ್ದೆವು, ಅಲ್ಲಿಗೆ ಮುಗಿಯಿತು. ಇದರಲ್ಲಿ ಆಯಿಲಿಗೆ ಬೇರೆ ಟ್ಯಾಂಕ್. ಅಲ್ಲಿಂದ ಪೈಪಿನಲ್ಲಿ ಇಳಿದು, ಸಣ್ಣ ಜಾಲರಿ ದಾಟಿ, ಎಂಜಿನ್ ಜೊತೆಗೇ ತಿರುಗುವ ಪಂಪಿಗೆ ಬಂದು, ಇನ್ನೊಂದು ಸಪೂರ ಪೈಪಿನಲ್ಲಿ ಕಾರ್ಬೋರೇಟರ್ ಕಡೆಗೆ ಹೋಗುತ್ತದೆ. ಎಷ್ಟು ಹೋಗಬೇಕು ಅನ್ನುವುದು ಪಂಪಿನ ಮೇಲಿರುವ ಪುಟ್ಟ ಲಿವರ್ ಕೈಯಲ್ಲಿದೆ. ಅದಕ್ಕೆ ಎಕ್ಸಿಲರೇಟರ್ ಕೇಬಲ್ಲಿನ ಒಂದು ಕವಲು ಬಂದಿರುತ್ತದೆ. ತೊಂದರೆ ಹುಡುಕುವಾಗಲೂ ಇದೇ ದಾರಿ ಹಿಡಿಯಿರಿ, ಮೇಲಿಂದ ಕೆಳಕ್ಕೆ. ಮೆಕ್ಯಾನಿಕ್ ನೋಡಿದ ತಕ್ಷಣ "ಪಂಪ್ ಹೋಗಿದೆ" ಅಂದರೂ ಸ್ವಲ್ಪ ತಡೆಯಿರಿ, ಯಾಕೆಂದರೆ ಪಂಪ್ ಕೆಡುವುದು ಕಡಿಮೆ, ಅದಕ್ಕೆ ಆಯಿಲ್ ಬಾರದಿರುವುದೇ ಜಾಸ್ತಿ.

ಸ್ಪ್ಯಾನರ್ ಹಿಡಿಯುವ ಮೊದಲೇ ಪೆಟ್ರೋಲ್ ಟ್ಯಾಂಕಿಗೆ ಲೀಟರಿಗೆ 20 ಎಂಎಲ್ ಲೆಕ್ಕದಲ್ಲಿ ಟೂ-ಟಿ ಆಯಿಲ್ ಹಾಕಿ ಚೆನ್ನಾಗಿ ಬೆರೆಸಿ. ಇನ್ನು ಮುಂದೆ ಎಂಜಿನ್ ಸ್ಟಾರ್ಟ್ ಮಾಡಿಯೇ ನೋಡಬೇಕಾದ ಕೆಲಸಗಳಿವೆ, ಆ ಹೊತ್ತಿನಲ್ಲಿ ಪಂಪಿನಿಂದ ಒಂದು ಹನಿಯೂ ಬರದಿದ್ದರೆ ಎಂಜಿನ್ ಕಾಯುವುದು ಈ ಬೆರಕೆಯೇ. ಬೆರೆಸಿದ ಪೆಟ್ರೋಲ್ ಕಾರ್ಬೋರೇಟರಿಗೆ ಇಳಿಯಲು ಒಂದೆರಡು ನಿಮಿಷ ಐಡಲ್‌ನಲ್ಲಿ ಓಡಿಸಿ.

ಈಗ ಆಯಿಲ್ ಟ್ಯಾಂಕ್. ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತದೆ. ಅದು ಧೂಳು ಕಟ್ಟಿದರೆ ಆಯಿಲ್ ಕೆಳಗೆ ಇಳಿಯುವುದಿಲ್ಲ. ಸೂಜಿಯಿಂದ ಬಿಡಿಸಿ. ಆಮೇಲೆ ಪಂಪಿಗೆ ಬರುವ ಪೈಪನ್ನು ಪಂಪ್ ಕಡೆಯಿಂದ ಕಳಚಿ ಒಂದು ಬಟ್ಟಲಿಗೆ ಬಿಡಿ. ಆಯಿಲ್ ತಾನಾಗಿ, ತಡೆಯಿಲ್ಲದೆ ಇಳಿಯಬೇಕು. ಅಲ್ಲೊಂದು ಇಲ್ಲೊಂದು ಹನಿ ಬಿದ್ದರೆ ಜಾಲರಿ ಕಟ್ಟಿದೆ ಅಂತಲೇ. ವರ್ಷಗಟ್ಟಲೆ ನಿಂತ ಗಾಡಿಗಳಲ್ಲಿ ಹಳೇ ಆಯಿಲ್ ಅಂಟು ಅಂಟಾಗಿ ಜಾಲರಿಗೆ ಮೆತ್ತಿಕೊಂಡಿರುತ್ತದೆ, ಪೆಟ್ರೋಲಿನಲ್ಲಿ ನೆನೆಸಿ ಹಳೇ ಬ್ರಷ್‌ನಿಂದ ತೊಳೆದರೆ ಹೋಗುತ್ತದೆ. ಹಾಗೇ ಪೈಪಿನ ತುದಿಗಳನ್ನು ಬಗ್ಗಿಸಿ ನೋಡಿ. ಹಳದಿಯಾಗಿ, ಗಟ್ಟಿಯಾಗಿ, ತುದಿಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಸಾಕು, ಅಲ್ಲಿಂದ ಗಾಳಿ ಎಳೆಯುತ್ತದೆ. ಬೆಂಗಳೂರಿನವರಿಗೆ ಜೆ.ಸಿ. ರೋಡಿನ ಸ್ಪೇರ್ ಅಂಗಡಿಗಳಲ್ಲಿ ಹೊಸ ಪೈಪ್ ಸಿಗಬಹುದು, ಆದರೆ ಹಳೇ ತುಂಡು ಜೊತೆಗೆ ಒಯ್ಯಿರಿ, ಒಳಗಿನ ಅಳತೆ ಅದೇ ಇರಬೇಕು.

ಗಾಳಿ ಸಿಕ್ಕಿಕೊಂಡಿರುವುದು ತುಂಬಾ ಸಾಮಾನ್ಯ. ಆಯಿಲ್ ಒಮ್ಮೆ ಪೂರ್ತಿ ಖಾಲಿಯಾಗಿ, ಆಮೇಲೆ ಟ್ಯಾಂಕ್ ತುಂಬಿಸಿಕೊಂಡು ಸುಮ್ನೆ ಹೊರಟವರಿಗೆ ಇದು ಆಗಿಯೇ ಆಗುತ್ತದೆ. ಪಂಪಿನಲ್ಲಿ ಗಾಳಿ ಬಿಡುವ ಸ್ಕ್ರೂ ಇದ್ದರೆ ಸಡಿಲಿಸಿ, ಕೆಳಗೆ ಬಟ್ಟೆ ಇಡಿ. ಮೊದಲು ಗುಳ್ಳೆ ಗುಳ್ಳೆಯಾಗಿ ಬರುತ್ತದೆ, ಗುಳ್ಳೆ ನಿಂತು ಬರೀ ಆಯಿಲ್ ಬಂದ ಮೇಲೆ ಬಿಗಿ ಮಾಡಿ. ಸ್ಕ್ರೂ ಇಲ್ಲದಿದ್ದರೆ ಕಳಚಿದ ಪೈಪಿನಿಂದ ಆಯಿಲ್ ಹರಿಯುತ್ತಿರುವಾಗಲೇ ಪಂಪಿಗೆ ಸಿಕ್ಕಿಸಿ. ಪಂಪಿನಿಂದ ಹೊರಡುವ ಸಪೂರ ಪೈಪನ್ನು ಮರೆಯಬೇಡಿ, ಅದನ್ನು ಸಿರಿಂಜಿನಿಂದ ಆಯಿಲ್ ತುಂಬಿಸಿಯೇ ಜೋಡಿಸಬೇಕು. ಖಾಲಿ ಬಿಟ್ಟರೆ ಅದು ತುಂಬುವವರೆಗೂ ಎಂಜಿನ್ ಉಪವಾಸ.

ಪಂಪ್ ಪರೀಕ್ಷೆಯ ಸರದಿ ಈಗ. ಸಪೂರ ಪೈಪನ್ನು ಕಾರ್ಬೋರೇಟರ್ ಕಡೆಯಿಂದ ಬಿಚ್ಚಿ, ಅಲ್ಲಿ ಉಳಿದ ತೂತನ್ನು ಮುಚ್ಚಿ, ಎಂಜಿನ್ ಐಡಲ್‌ನಲ್ಲಿ ಬಿಡಿ. ಸ್ಕೂಟರ್ ಸೆಂಟರ್ ಸ್ಟ್ಯಾಂಡಿನ ಮೇಲಿರಲಿ. ಪಂಪಿನ ಲಿವರನ್ನು ಬೆರಳಿನಿಂದ ಪೂರ್ತಿ ತೆರೆದು ಹಿಡಿದರೆ ಪೈಪಿನ ತುದಿಯಲ್ಲಿ ಹನಿ ಕಟ್ಟಬೇಕು, ಬೀಳಬೇಕು. ನಿಧಾನಕ್ಕೆ ಬರುತ್ತದೆ, ಗಾಬರಿ ಬೇಡ. ಒಳಬರುವ ಆಯಿಲ್ ಸರಿಯಿದ್ದು, ಗಾಳಿಯೂ ಹೋಗಿದ್ದು, ಆಗಲೂ ಹನಿ ಬಾರದಿದ್ದರೆ ಮಾತ್ರ ಪಂಪನ್ನೋ ಅದನ್ನು ತಿರುಗಿಸುವ ಗೇರನ್ನೋ ಅನುಮಾನಿಸಿ.

ಹನಿ ಬರುತ್ತಿದ್ದೂ ಏರಿನಲ್ಲಿ ಎಂಜಿನ್ ಬಿಸಿಯಾಗಿ ಎಳೆತ ಕಳೆದುಕೊಂಡರೆ ಕೇಬಲ್ ನೋಡಿ. ಎಕ್ಸಿಲರೇಟರ್ ತಿರುಗಿಸಿದಾಗ ಲಿವರೂ ಜೊತೆಗೇ ಏಳಬೇಕು. ಲಿವರಿನ ಮೇಲೆ, ಪಂಪಿನ ಮೇಲೆ ಒಂದೊಂದು ಗೆರೆ ಇರುತ್ತದೆ. ಅವೆರಡೂ ಎಲ್ಲಿ ಕೂಡಬೇಕು ಅನ್ನುವುದು ಮಾಡೆಲ್ ಮೇಲೆ ಹೋಗುತ್ತದೆ, ಕೈಪಿಡಿ ನೋಡಿಯೇ ಹೊಂದಿಸಿ. ಲಿವರ್ ತಡವಾಗಿ ಎದ್ದರೆ ಆಯಿಲ್ ಕಡಿಮೆ. ಮುಂದೆ ಓಡಿದರೆ ಹೊಗೆ, ಕಪ್ಪಗೆ ಒದ್ದೆಯಾದ ಪ್ಲಗ್. ಬಹಳ ದಿನ ನಿಂತು ಸ್ಟಾರ್ಟ್ ಮಾಡಿದಾಗ ಮಾತ್ರ ಬೀದಿ ತುಂಬಾ ಹೊಗೆ ಬಂದು ಆಮೇಲೆ ತಿಳಿಯಾಗುತ್ತದೆ ಅಂದರೆ, ನಿಂತಿದ್ದಾಗ ಆಯಿಲ್ ತಾನಾಗಿ ಒಳಗೆ ಸೋರುತ್ತಿರಬಹುದು, ಅದನ್ನು ತಡೆಯುವ ಸಣ್ಣ ವಾಲ್ವ್ ಪರೀಕ್ಷಿಸಬೇಕು.

ಆಯಿಲ್ ಟೂ-ಟಿಯೇ ಇರಲಿ. ಮನೆಯಲ್ಲಿ ಉಳಿದಿದೆ ಅಂತ ಬೈಕಿನ 20ಡಬ್ಲ್ಯೂ-40 ಎಂಜಿನ್ ಆಯಿಲ್ ಸುರಿಯುವವರಿದ್ದಾರೆ, ದಯವಿಟ್ಟು ಬೇಡ.

ಎಲ್ಲ ಜೋಡಿಸಿದ ಮೇಲೆ ಟ್ಯಾಂಕಿನಲ್ಲಿರುವ ಬೆರಕೆ ಪೆಟ್ರೋಲ್ ಖಾಲಿಯಾಗುವವರೆಗೆ ಹಾಗೇ ಓಡಿಸಿ. ಹೊಗೆ ಜಾಸ್ತಿಯೇ ಇರುತ್ತದೆ, ಇರಲಿ. ಆಯಿಲ್ ಮಟ್ಟ ಎಲ್ಲಿದೆ ಅಂತ ಮೊದಲ ದಿನವೇ ಗುರುತು ಮಾಡಿಟ್ಟುಕೊಂಡಿರಿ. ಆ ಗುರುತಿನಿಂದ ಮಟ್ಟ ಇಳಿದಿದ್ದು ಕಣ್ಣಿಗೆ ಕಂಡ ಮೇಲೆಯೇ ಬರೀ ಪೆಟ್ರೋಲ್ ಹಾಕಿಸಿ.