ಗೇಟಿನಿಂದ ಬಸ್ ಸ್ಟಾಪಿಗೆ, ಟೇಪು ಹಿಡಿದು

ಬೆಂಗಳೂರಿನ ಸರ್ಜಾಪುರ ರಸ್ತೆಗೆ ಸೇರುವ ಒಂದು ಒಳರಸ್ತೆ. ಅಲ್ಲಿ ಸುಮಾರು 400 ಮನೆಗಳ ಅಪಾರ್ಟ್‌ಮೆಂಟ್ ಬರಲಿತ್ತು. ಅದು ಬಂದರೆ ಸುತ್ತಲಿನ ಓಡಾಟ ಏನಾಗುತ್ತದೆ ಅಂತ ಲೆಕ್ಕ ಹಾಕಿ ವರದಿ ಕೊಡುವ ಕೆಲಸ ನನ್ನದು. ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ದಾಟಿದರೆ ಕೇಂದ್ರ ಸರ್ಕಾರದ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಆ ಅರ್ಜಿಯಲ್ಲಿ ಟ್ರಾಫಿಕ್ ಬಗ್ಗೆಯೂ ಉತ್ತರ ಕೊಡಬೇಕು.

ಮೊದಲ ವಾರ ಎಲ್ಲರೂ ಮಾಡುವುದನ್ನೇ ಮಾಡಿದೆ. ಜಂಕ್ಷನ್‌ನಲ್ಲಿ ಕ್ಯಾಮೆರಾ ಕಟ್ಟಿಸಿ, ಬೆಳಿಗ್ಗೆ ಮತ್ತು ಸಂಜೆ ಗಾಡಿ ಎಣಿಸಿದೆವು. ಎಣಿಸಿದ್ದನ್ನೆಲ್ಲ ಪಿಸಿಯು ಲೆಕ್ಕಕ್ಕೆ ತರಬೇಕು. ಅಂದರೆ ಪ್ರತಿ ಗಾಡಿಯೂ ಎಷ್ಟು ಕಾರಿಗೆ ಸಮ ಅನ್ನುವ ಲೆಕ್ಕ. ರಸ್ತೆ ಇಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ಕಾರಿಗೆ 1, ಬೈಕು-ಸ್ಕೂಟರ್ ಜಾಸ್ತಿ ಇರುವ ರಸ್ತೆಯಲ್ಲಿ ಒಂದೊಂದಕ್ಕೆ 0.75, ಬಸ್ಸು ಕಮ್ಮಿ ಇರುವ ಕಡೆ ಒಂದು ಬಸ್ಸಿಗೆ 2.2. ನಮ್ಮದರಂಥ ಎರಡು ಲೇನಿನ ಒಳರಸ್ತೆ ಗಂಟೆಗೆ 900 ಪಿಸಿಯು ತಾಳಿಕೊಳ್ಳುತ್ತದೆ ಅನ್ನುತ್ತದೆ ಅದೇ ಮಾರ್ಗಸೂಚಿ. ನಮ್ಮ ರಸ್ತೆ ಆಗಲೇ ಅದರ ಹತ್ತಿರ ಬಂದಿತ್ತು.

ಈ ಲೆಕ್ಕದಲ್ಲಿ ಬಸ್ಸಿನೊಳಗೆ 50 ಜನ ಇದ್ದರೂ 2.2, ಖಾಲಿ ಇದ್ದರೂ 2.2. ನಡೆದು ಹೋಗುವವರಿಗಂತೂ ನಂಬರೇ ಇಲ್ಲ. ಇದು ನನಗೆ ಗೊತ್ತಿರದ ವಿಷಯವೇನಲ್ಲ. ಆದರೆ ಅದು ಮನಸ್ಸಿಗೆ ನಾಟಿದ್ದು ಎರಡನೇ ವಾರ.

ಹೊಸ ಅಪಾರ್ಟ್‌ಮೆಂಟಿನಿಂದ ಎಷ್ಟು ಓಡಾಟ ಹುಟ್ಟುತ್ತದೆ ಅಂತ ತಿಳಿಯಲು ಅಮೆರಿಕದ ಕೈಪಿಡಿಯ ದರಗಳನ್ನು ಎತ್ತಿ ಹಾಕುವ ರೂಢಿ ಇದೆ. ನನಗದು ಸರಿಬರುವುದಿಲ್ಲ. ಹತ್ತಿರದಲ್ಲೇ ಜನ ವಾಸ ಇರುವ ಎರಡು ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಬೆಳಿಗ್ಗೆ ಆರೂವರೆಗೇ ಹುಡುಗರನ್ನು ನಿಲ್ಲಿಸಿದೆ. ಗಾಡಿಯಷ್ಟೇ ಅಲ್ಲ, ತಲೆ ಎಣಿಸಿ ಅಂದೆ. ನಾನೂ ನಿಂತೆ.

ಕಾರುಗಳು ಹೊರಗೆ ಬರುವ ಮೊದಲೇ ಜನ ಒಳಗೆ ಹೋಗುತ್ತಿದ್ದರು. ಮನೆಕೆಲಸದವರು, ಅಡುಗೆಯವರು, ಡ್ರೈವರ್‌ಗಳು, ಪಾಳಿ ಬದಲಾಗುವ ಸೆಕ್ಯುರಿಟಿಯವರು. ಹೆಚ್ಚಿನವರು ಬಸ್ಸಿಳಿದು ನಡೆದು ಬಂದವರು. ಆಮೇಲೆ ಸ್ಕೂಲ್ ವ್ಯಾನಿಗೆ ಮಕ್ಕಳನ್ನು ಕರೆತರುವ ಅಜ್ಜ-ಅಜ್ಜಿಯರು. ಎರಡು ಕಡೆಯೂ ಇವರೆಲ್ಲ ಬೇಸ್‌ಮೆಂಟಿನಿಂದ ಕಾರುಗಳು ಮೇಲೆ ಬರುವ ದಾರಿಯಲ್ಲೇ ಓಡಾಡಬೇಕಿತ್ತು. ನಮ್ಮ ಹೊಸ ನಕ್ಷೆ ತೆಗೆದು ನೋಡಿದೆ. ಅದರಲ್ಲೂ ನಡೆಯುವವರಿಗೆ ಬೇರೆ ಗೇಟ್ ಇರಲಿಲ್ಲ.

ಮಾರನೇ ದಿನ ಹೊಸ ಗೇಟ್ ಬರುವ ಜಾಗದಿಂದ ಬಸ್ ಸ್ಟಾಪಿನವರೆಗೆ ಟೇಪು ಹಿಡಿದು ನಡೆದೆ. ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಅಡ್ಡಿಯಿಲ್ಲದೆ ಸಿಗಬೇಕು ಅಂತ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ಟ್ರಾನ್ಸ್‌ಫಾರ್ಮರ್ ಪಕ್ಕ ನನಗೆ ಸಿಕ್ಕಿದ್ದು 60 ಸೆಂಟಿಮೀಟರ್. ಟೇಪು ಹಿಡಿದು ಬಗ್ಗಿದ್ದಾಗ ಹಿಂದಿನಿಂದ ಒಬ್ಬರು, "ಸಾರ್, ಆ ಚಪ್ಪಡಿ ಮೇಲೆ ಕಾಲಿಡ್ಬೇಡಿ, ಅಲ್ಲಾಡತ್ತೆ" ಅಂದರು. ಅವರ ಕೈಯಲ್ಲಿ ಊಟದ ಡಬ್ಬಿ ಚೀಲ ಇತ್ತು. "ದಿನಾ ಹೆಂಗ್ ಹೋಗ್ತೀರಮ್ಮ?" ಅಂದೆ. "ರೋಡಲ್ಲೇ ಇಳಿದು ಹೋಗೋದು, ಇನ್ನೇನ್ ಮಾಡೋದು" ಅಂದು, ಬರುವ ಟ್ಯಾಂಕರ್ ಕಡೆ ಒಮ್ಮೆ ನೋಡಿ ಇಳಿದೇಬಿಟ್ಟರು. ಚರಂಡಿ ಮೇಲಿನ ಆ ಚಪ್ಪಡಿಯನ್ನು ಪಾದದಿಂದ ಒತ್ತಿ ನೋಡಿದೆ. ಒಂದು ಮೂಲೆ ನಿಜವಾಗಿಯೂ ಕೆಳಗೆ ಹೋಯಿತು.

ಸ್ಟಾಪು ಮುಖ್ಯರಸ್ತೆಯ ಆಚೆ ಬದಿ. ದಾಟುವ ಅಗಲ 14 ಮೀಟರ್. ಸೆಕೆಂಡಿಗೆ 1.2 ಮೀಟರ್ ನಡೆದರೆ 12 ಸೆಕೆಂಡು ಸಾಕು. ಮಗುವಿನ ಕೈ ಹಿಡಿದವರು, ಮಂಡಿನೋವಿನವರು 0.8ರಲ್ಲಿ ನಡೆದರೆ 17ಕ್ಕೂ ಜಾಸ್ತಿ ಬೇಕು. ಸ್ಟಾಪ್‌ವಾಚ್ ಹಿಡಿದು ಅರ್ಧ ಗಂಟೆ ನಿಂತೆ. ಗಾಡಿಗಳ ನಡುವೆ ಅಷ್ಟು ಬಿಡುವು ಸಿಕ್ಕಿದ್ದು ಎರಡೇ ಸಲ.

ವರದಿಯ ಕರಡಿನಲ್ಲಿ ಮೊದಲು ನಾನೇ ಬರೆದಿದ್ದ ಸಲಹೆ: ಜಂಕ್ಷನ್‌ನಲ್ಲಿ ಎಡಕ್ಕೆ ನಿಲ್ಲದೆ ತಿರುಗಲು ಒಂದು ಲೇನ್ ಹೆಚ್ಚಿಸಿ. ಕಾರುಗಳ ಕಾಯುವಿಕೆ ಅದರಿಂದ ಖಂಡಿತ ಕಮ್ಮಿಯಾಗುತ್ತದೆ. ಆದರೆ ಆ ಲೇನಿಗೆ ಜಾಗ ಬರುವುದು ಫುಟ್‌ಪಾತಿನಿಂದ. ದಾಟುವ ದೂರವೂ ಬೆಳೆಯುತ್ತದೆ. ಕಾರಿನ ವಿಳಂಬವನ್ನಷ್ಟೇ ಅಳೆದರೆ ಇಂಥ ಪರಿಹಾರವೇ ಬರೋದು, ಅಲ್ವಾ? ಕ್ಯಾಲಿಫೋರ್ನಿಯಾದಲ್ಲಿ ಇದೇ ಕಾರಣಕ್ಕೆ 2013ರಲ್ಲಿ ಕಾನೂನು ತಂದರು. 2020ರ ಜುಲೈನಿಂದ ಅಲ್ಲಿನ ಪರಿಸರ ಪರಿಶೀಲನೆಯಲ್ಲಿ ಕಾರುಗಳ ವಿಳಂಬದ ಬದಲು, ಯೋಜನೆಯಿಂದ ಜನ ಒಟ್ಟು ಎಷ್ಟು ದೂರ ಗಾಡಿ ಓಡಿಸಬೇಕಾಗುತ್ತದೆ ಅಂತ ನೋಡುತ್ತಾರೆ. ಆ ಸಲಹೆಯನ್ನು ನಾನು ಹೊಡೆದು ಹಾಕಿದೆ.

ಬದಲಿಗೆ ಬಸ್ ಸ್ಟಾಪಿನ ಕಡೆಯ ಮೂಲೆಯಲ್ಲಿ ನಡೆಯುವವರಿಗೇ ಒಂದು ಗೇಟ್ ಕೇಳಿದೆ. ಕಾಂಪೌಂಡನ್ನು ಎರಡು ಮೀಟರ್ ಒಳಕ್ಕೆ ಸರಿಸಿ ಫುಟ್‌ಪಾತಿಗೆ ಜಾಗ ಬಿಡಿ ಅಂದೆ. ಸ್ಕೂಲ್ ವ್ಯಾನು, ಡೆಲಿವರಿ ಬೈಕು ನಿಲ್ಲಲು ಒಳಗೇ ಜಾಗ, ಮುಖ್ಯರಸ್ತೆಯಲ್ಲಿ ಒತ್ತುಗುಂಡಿ ಇರುವ ಪಾದಚಾರಿ ಸಿಗ್ನಲ್. ಎಣಿಸಿದ ತಲೆಗಳ ಪಟ್ಟಿ, 60 ಸೆಂಟಿಮೀಟರಿನ ಫೋಟೋ, ಎರಡೂ ವರದಿಯ ಮೊದಲ ಪುಟದಲ್ಲೇ ಇಟ್ಟೆ.

ಮೀಟಿಂಗಿನಲ್ಲಿ ಬಿಲ್ಡರ್ ಕಡೆಯವರು ಗೇಟಿಗೆ ಬೇಗ ಒಪ್ಪಿದರು. ಕಾಂಪೌಂಡಿಗೆ ಮೂರು ಸಲ ಮಾತುಕತೆ ಆಯಿತು, ಕೊನೆಗೆ ಒಂದೂವರೆ ಮೀಟರಿಗೆ ನಿಂತರು. ಹಳೆಯ ಫುಟ್‌ಪಾತಿನ ಜೊತೆ ಸೇರಿಸಿದರೆ ಟ್ರಾನ್ಸ್‌ಫಾರ್ಮರ್ ಪಕ್ಕವೂ ಇಬ್ಬರು ಎದುರುಬದುರಾಗಿ ಹೋಗಬಹುದು. ಸಿಗ್ನಲ್ ಮಾತ್ರ ಬಿಲ್ಡರ್ ಕೈಯಲ್ಲಿಲ್ಲ. ಅದಕ್ಕೆ ಸಂಬಂಧಪಟ್ಟ ಕಚೇರಿಗೆ ಬೇರೆ ಅರ್ಜಿ ಹಾಕಿದ್ದೇನೆ, ಅರ್ಧ ಗಂಟೆಯ ಸ್ಟಾಪ್‌ವಾಚ್ ಲೆಕ್ಕವನ್ನೂ ಲಗತ್ತಿಸಿ. ಮುಂದಿನ ವಾರ ಮತ್ತೆ ಹೋಗಿ ಕೇಳಬೇಕು.