ರಾತ್ರಿ ಪಾಳಿಯ ಗಂಟೆಗಳನ್ನು ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವ ಬಗೆ

ನಾನು ಲೆಕ್ಕಪತ್ರ ನೋಡಿಕೊಳ್ಳುವ ಕಾರ್ಖಾನೆ ಮೂರು ಪಾಳಿಗಳಲ್ಲಿ ನಡೆಯುತ್ತದೆ. ಬೆರಳಚ್ಚಿನ ಹಾಜರಿ ಯಂತ್ರವು ತಿಂಗಳ ಕೊನೆಗೆ ಕೊಡುವ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಅಕ್ಷರಗಳ) ಫೈಲಿನಿಂದ ಪ್ರತಿಯೊಬ್ಬರ ದುಡಿಮೆಯ ಗಂಟೆಗಳನ್ನೂ ಓಟಿಯನ್ನೂ (ಪಾಳಿ ಮೀರಿ ದುಡಿದ ಹೆಚ್ಚುವರಿ ವೇಳೆಯನ್ನೂ) ತೆಗೆಯುವುದು ನನ್ನ ಕೆಲಸ. ಇಲ್ಲಿ ಒಂದು ಗಂಟೆ ತಪ್ಪಿದರೂ ಅದು ದುಡಿದವರ ಸಂಬಳದಿಂದಲೇ ಹೋಗುವುದರಿಂದ, ಪರದೆಯ ಮೇಲೆ ಕಾಣುವ ದಿನಾಂಕವನ್ನು ನಂಬದೆ ಅದರ ಹಿಂದಿರುವ ಸಂಖ್ಯೆಯನ್ನು ನೋಡುವುದು ನನಗೆ ರೂಢಿಯಾಗಿದೆ.

ಎಕ್ಸೆಲ್‌ಗೆ ದಿನಾಂಕವೆಂದರೆ 1900ರ ಜನವರಿ 1ನ್ನು ಒಂದು ಎಂದು ಹಿಡಿದು ಎಣಿಸಿದ ದಿನಗಳ ಸಂಖ್ಯೆ. 2025ರ ಜನವರಿ 1 ಅದರ ಲೆಕ್ಕದಲ್ಲಿ 45658. ವೇಳೆಯೆಂದರೆ ದಿನದ ಒಂದು ಭಾಗ: ಬೆಳಗಿನ ಆರು ಗಂಟೆ 0.25, ಮಧ್ಯಾಹ್ನದ ಹನ್ನೆರಡು 0.5. ಸೆಲ್ಲಿನ ಫಾರ್ಮ್ಯಾಟನ್ನು ಜನರಲ್ ಎಂದು ಬದಲಿಸಿದಾಗ ಈ ಸಂಖ್ಯೆ ಕಾಣಬೇಕು. ಕಾಣದೆ ದಿನಾಂಕ ಹಾಗೆಯೇ ಉಳಿದರೆ ಅದು ಬರೀ ಅಕ್ಷರಗಳ ಸಾಲು.

ಹೆಚ್ಚಿನ ತೊಂದರೆ ಹುಟ್ಟುವುದು ಫೈಲನ್ನು ತೆರೆಯುವಾಗಲೇ. ಯಂತ್ರವು ದಿನವನ್ನು ಮೊದಲು, ತಿಂಗಳನ್ನು ಆಮೇಲೆ ಬರೆಯುತ್ತದೆ; ಕಂಪ್ಯೂಟರಿನ ರೀಜನ್ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ 05/03/2025 ಎಂಬುದು ಮೇ 3 ಆಗುತ್ತದೆ, ಹದಿನೈದನೆಯ ತಿಂಗಳು ಇಲ್ಲವಾದ್ದರಿಂದ 15/03/2025 ಅಕ್ಷರವಾಗಿಯೇ ಉಳಿಯುತ್ತದೆ. ಅಕ್ಷರವಾಗಿ ಉಳಿದವು ಸೆಲ್ಲಿನ ಎಡಕ್ಕೆ ಸರಿದು ನಿಲ್ಲುವುದರಿಂದ ಬೇಗ ಕಣ್ಣಿಗೆ ಬೀಳುತ್ತವೆ; ತಿಂಗಳು ಬದಲಾದವು ಸರಿಯಾದ ದಿನಾಂಕಗಳಂತೆಯೇ ಕಾಣುವುದರಿಂದ ಹೆಚ್ಚು ಅಪಾಯಕಾರಿ. ಆದ್ದರಿಂದ ಸಿಎಸ್‌ವಿ ಫೈಲನ್ನು ನಾನು ಎಂದೂ ಡಬಲ್ ಕ್ಲಿಕ್ ಮಾಡಿ ತೆರೆಯುವುದಿಲ್ಲ. ಡೇಟಾ ಮೆನುವಿನಿಂದ ಪವರ್ ಕ್ವೆರಿಗೆ (ಹೊರಗಿನ ಫೈಲನ್ನು ಹದಮಾಡಿ ತರುವ ಎಕ್ಸೆಲ್‌ನ ಸಾಧನಕ್ಕೆ) ತಂದು, ಕಾಲಮ್ಮುಗಳ ಬಗೆಯನ್ನು ಊಹಿಸಿ ಅದು ತಾನಾಗಿ ಸೇರಿಸಿದ ಚೇಂಜ್ಡ್ ಟೈಪ್ ಹಂತವನ್ನು ಅಳಿಸಿ, ದಿನಾಂಕ ಯಾವ ದೇಶದ ಪದ್ಧತಿಯದೆಂದು ಹೇಳುವ ಯೂಸಿಂಗ್ ಲೊಕೇಲ್ ಆಯ್ಕೆಯಲ್ಲಿ ಇಂಗ್ಲಿಷ್ ಇಂಡಿಯಾ ಎಂದು ಸೂಚಿಸುತ್ತೇನೆ. ಬಳಿಕ ಮಂತ್ ಫಂಕ್ಷನ್ನಿನಿಂದ ಪ್ರತಿ ಸಾಲಿನ ತಿಂಗಳನ್ನೂ ತೆಗೆದು, ಬೇರೆ ತಿಂಗಳು ನುಸುಳಿದೆಯೇ ಎಂದು ನೋಡುತ್ತೇನೆ. ಕೊನೆಯ ರಾತ್ರಿಯ ಪಾಳಿಯವರು ಹೊರಗೆ ಹೋದ ದಿನಾಂಕ ಮಾತ್ರ ಮುಂದಿನ ತಿಂಗಳ 1 ಆಗಿರಬಹುದು.

ಯಂತ್ರವು ದಿನಾಂಕ ಮತ್ತು ವೇಳೆಯನ್ನು ಬೇರೆ ಬೇರೆ ಕಾಲಮ್ಮಿನಲ್ಲಿ ಕೊಡುತ್ತದೆ. ಎರಡೂ ಸಂಖ್ಯೆಗಳೇ ಆಗಿರುವುದರಿಂದ ಅವನ್ನು ಕೂಡಿಸಿ ಒಂದೇ ಸೆಲ್ಲಿಗೆ ತಂದರೆ, ರಾತ್ರಿ ಹತ್ತಕ್ಕೆ ಒಳಬಂದು ಮರುದಿನ ಬೆಳಿಗ್ಗೆ ಆರಕ್ಕೆ ಹೊರಹೋದವರ ಲೆಕ್ಕ ನೇರ ಕಳೆಯುವಿಕೆಯಿಂದಲೇ ಎಂಟು ಗಂಟೆ ಎಂದು ಬರುತ್ತದೆ. ಗುತ್ತಿಗೆ ಕಾರ್ಮಿಕರ ಕೈಬರಹದ ರಿಜಿಸ್ಟರಿನಲ್ಲಿ ವೇಳೆಯಷ್ಟೇ ಇರುತ್ತದೆ. ಅಲ್ಲಿ ಹೊರಹೋದ ವೇಳೆಯಿಂದ ಒಳಬಂದ ವೇಳೆಯನ್ನು ಕಳೆದರೆ ಉತ್ತರ ಋಣ ಸಂಖ್ಯೆಯಾಗಿ ಸೆಲ್ಲಿನ ತುಂಬ ಹ್ಯಾಷ್ ಗುರುತುಗಳು ಕಾಣುತ್ತವೆ. ಆ ವ್ಯತ್ಯಾಸವನ್ನು ಮಾಡ್ ಫಂಕ್ಷನ್ನಿಗೆ ಕೊಟ್ಟು 1ರಿಂದ ಭಾಗಿಸಿದ ಶೇಷವನ್ನು ತೆಗೆದರೆ ಸರಿಯಾದ ಎಂಟು ಗಂಟೆ ಸಿಗುತ್ತದೆ. ಆದರೆ ಈ ಉಪಾಯವನ್ನು ಹಾಗೆಯೇ ಬಿಡಬಾರದು: ಹೊರಹೋದ ವೇಳೆಯನ್ನು ಬರೆಯದೆ ಬಿಟ್ಟಿದ್ದರೆ ಎಕ್ಸೆಲ್ ಖಾಲಿ ಸೆಲ್ಲನ್ನು ಸೊನ್ನೆ, ಅಂದರೆ ನಡುರಾತ್ರಿ, ಎಂದು ಎಣಿಸಿ ಹತ್ತಕ್ಕೆ ಬಂದವರಿಗೆ ಎರಡೇ ಗಂಟೆ ಕೊಡುತ್ತದೆ. ಹೀಗಾಗಿ ಕೌಂಟ್ ಫಂಕ್ಷನ್ನಿನಿಂದ ಎರಡೂ ಸೆಲ್ಲುಗಳು ತುಂಬಿವೆಯೇ ಎಂದು ಮೊದಲು ಪರೀಕ್ಷಿಸಿ, ಇಲ್ಲದಿದ್ದರೆ ‘ಮೇಲ್ವಿಚಾರಕರನ್ನು ಕೇಳಿ’ ಎಂಬ ಸೂಚನೆ ಬರುವಂತೆ ಮಾಡಿದ್ದೇನೆ.

ಇಪ್ಪತ್ತಾರು ದಿನ ಎಂಟೆಂಟು ಗಂಟೆ ದುಡಿದರೆ ಒಟ್ಟು 208 ಗಂಟೆ. ಸಾಮಾನ್ಯ ವೇಳೆಯ ಫಾರ್ಮ್ಯಾಟ್ ಪೂರ್ಣ ದಿನಗಳನ್ನು ಕೈಬಿಟ್ಟು ಅದನ್ನು 16:00 ಎಂದು ತೋರಿಸುತ್ತದೆ. ಗಂಟೆಯನ್ನು ಸೂಚಿಸುವ ಎಚ್ ಅಕ್ಷರವನ್ನು ಚೌಕ ಆವರಣದೊಳಗೆ ಇಟ್ಟರೆ 208:00 ಎಂದೇ ಕಾಣುತ್ತದೆ. ಕಂಡದ್ದು 208 ಆದರೂ ಒಳಗಿರುವುದು ದಿನಗಳ ಲೆಕ್ಕವಾದ 8.67. ಗಂಟೆಗೆ 90 ರೂಪಾಯಿ ದರವಿದ್ದರೆ ಮೊದಲು 24ರಿಂದ ಗುಣಿಸಿ ಆಮೇಲೆ ದರ ಹಚ್ಚಬೇಕು; ಆಗ 18,720 ರೂಪಾಯಿ ಬರುತ್ತದೆ, ಇಲ್ಲವಾದರೆ 780.

ಓಟಿಗೆ ಎಂಟು ಗಂಟೆ ಮೀರಿದೆಯೇ ಎಂದು ಹೋಲಿಸುವಾಗ ದಶಮಾಂಶದ ಕೊನೆಯ ಅಂಕಿಗಳಲ್ಲಿನ ಸೂಕ್ಷ್ಮ ವ್ಯತ್ಯಾಸವೂ ತೀರ್ಪನ್ನು ಕೆಡಿಸಬಲ್ಲದು. ಅದಕ್ಕಾಗಿ ಅವಧಿಯನ್ನು 1440ರಿಂದ ಗುಣಿಸಿ, ರೌಂಡ್ ಮಾಡಿ, ಪೂರ್ಣ ನಿಮಿಷಗಳಾಗಿಸಿಕೊಂಡು 480ರೊಂದಿಗೆ ಹೋಲಿಸುತ್ತೇನೆ.