ಎರೆ ಮಣ್ಣಿನ ಊರಿನಲ್ಲಿ ಬೈಕ್ ಆರೈಕೆ: ಮನೆಯಂಗಳದಲ್ಲಿ ಏನೇನು ಮಾಡಬಹುದು?

ವಿಜಯಪುರದಿಂದ ಜಮಖಂಡಿ ರಸ್ತೆ ಹಿಡಿದು ಬಬಲೇಶ್ವರದ ಕಡೆಯ ಶಾಲೆಗೆ ನಾನು ದಿನವೂ ಬೈಕಿನಲ್ಲಿ ಹೋಗಿ ಬರುತ್ತೇನೆ. ಎರಡೂ ಹೊತ್ತು ಸೇರಿ ಸುಮಾರು 50 ಕಿಲೋಮೀಟರ್. ನಮ್ಮ ಕಡೆಯ ಎರೆ ಮಣ್ಣು ಎಂಥದ್ದೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಹಿಟ್ಟಿನಂತೆ ಹಾರುತ್ತದೆ, ಮಳೆ ಬಿದ್ದರೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಚ್ಚಿನಂತೆ ಕೂರುತ್ತದೆ. ಕಬ್ಬು ಕಟಾವಿನ ಕಾಲದಲ್ಲಂತೂ ಟ್ರ್ಯಾಕ್ಟರ್‌ಗಳ ಹಿಂದೆ ಹೋಗುವ ಬೈಕ್ ಮನೆ ಸೇರುವ ಹೊತ್ತಿಗೆ ಬಣ್ಣವನ್ನೇ ಬದಲಿಸಿರುತ್ತದೆ.

ಗಾಡಿಗಾಗಿ ಮಾಡಿದ ಖರ್ಚನ್ನೆಲ್ಲ ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಅದರಲ್ಲಿರುವ ದೊಡ್ಡ ಬಿಲ್ಲುಗಳನ್ನು ಒಂದೊಂದಾಗಿ ನೋಡಿದರೆ ಪ್ರತಿಯೊಂದರ ಹಿಂದೆಯೂ ತಡವಾಗಿ ಕಣ್ಣಿಗೆ ಬಿದ್ದ ಒಂದು ಸಣ್ಣ ದೋಷವಿದೆ. ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ, ಬಿಸಿಲೇರುವ ಮೊದಲು, ಒಂದು ತಾಸು ಗಾಡಿಯ ಪಕ್ಕದಲ್ಲಿ ಕುಳಿತುಕೊಳ್ಳಿ ಎಂಬುದೇ ನನ್ನ ಮುಖ್ಯ ಮಾತು. ಇಲ್ಲಿ ಹೇಳುವುದೆಲ್ಲ 100ರಿಂದ 125 ಸಿಸಿಯ ಸಾಮಾನ್ಯ ಬೈಕುಗಳಿಗೆ ಅನ್ವಯಿಸುತ್ತದೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ಸರ್ವಿಸ್‌ಗಳನ್ನು ಕಂಪನಿಯ ಅಧಿಕೃತ ಕೇಂದ್ರದಲ್ಲೇ ಮಾಡಿಸಿ. ಚೈನ್, ಗಾಳಿ, ಕೇಬಲ್‌ಗಳನ್ನು ಮಾತ್ರ ನೀವು ನೋಡಿಕೊಂಡರೆ ಸಾಕು.

ಮೊದಲು ಪಾನಾ ಕೊಳ್ಳುವುದು

ಅಂಗಡಿಯಲ್ಲಿ ಹೊಳೆಯುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ನಲವತ್ತು ಸಾಮಾನು ಜೋಡಿಸಿಟ್ಟ ಸೆಟ್ ಕಂಡರೆ ಕೈ ಅತ್ತಲೇ ಹೋಗುತ್ತದೆ. ಅದನ್ನು ಕೊಳ್ಳಬೇಡಿ. ನಮ್ಮ ಬೈಕುಗಳ ನಟ್ ಬೋಲ್ಟ್‌ಗಳಲ್ಲಿ ಹೆಚ್ಚಿನವು 8, 10, 12, 14, 17 ಮಿಲಿಮೀಟರ್ ಅಳತೆಯವು. ಈ ಅಳತೆಗಳ ರಿಂಗ್ ಪಾನಾಗಳನ್ನು ಬಿಡಿಬಿಡಿಯಾಗಿ, ಒಳ್ಳೆಯ ಕಂಪನಿಯವನ್ನೇ ತೆಗೆದುಕೊಳ್ಳಿ. ‘ಕ್ರೋಮ್ ವೆನೇಡಿಯಂ’ ಎಂದು ಕೊರೆದಿರುವ ಪಾನಾ ಬೇಗ ಸವೆಯುವುದಿಲ್ಲ. ಅಗ್ಗದ ಪಾನಾದ ಬಾಯಿ ಅಗಲವಾಗಿ ನಟ್‌ನ ಮೂಲೆಗಳನ್ನು ಉರುಟಾಗಿಸಿಬಿಟ್ಟರೆ ಆ ನಟ್ ಬಿಚ್ಚಿಸಲು ಕೊಡುವ ಕೂಲಿಯಲ್ಲಿ ಒಳ್ಳೆಯ ಪಾನಾವೇ ಬರುತ್ತಿತ್ತು. ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಳಸಿದ ಗಟ್ಟಿ ಪಾನಾ ಕೂಡ ಹೊಸ ಕಳಪೆಗಿಂತ ಎಷ್ಟೋ ಮೇಲು.

ಇವುಗಳ ಜೊತೆಗೆ ಒಂದು ಪಕ್ಕಡ, ಎರಡು ಸ್ಕ್ರೂಡ್ರೈವರ್, ಗಾಳಿ ನೋಡುವ ಗೇಜ್, ಕಾಲಿನಿಂದ ತುಳಿಯುವ ಪಂಪ್ ಇದ್ದರೆ ಸಾಕು. ಪ್ಲಗ್ ಬಿಚ್ಚುವ ಪಾನಾವನ್ನು ಎಷ್ಟೋ ಕಂಪನಿಗಳು ಗಾಡಿಯ ಜೊತೆಗೇ ಕೊಡುತ್ತವೆ. ಸೀಟಿನ ಅಡಿಯ ಚೀಲ ಒಮ್ಮೆ ತೆರೆದು ನೋಡಿ. ಎಷ್ಟು ಬಲದಿಂದ ಬಿಗಿಯುತ್ತಿದ್ದೇವೆ ಎಂದು ತೋರಿಸುವ, ವರ್ಷಕ್ಕೆರಡು ಬಾರಿ ಬೇಕಾಗುವ ಟಾರ್ಕ್ ಪಾನಾದಂಥ ದುಬಾರಿ ಸಾಮಾನನ್ನು ಓಣಿಯ ಮೂರು ನಾಲ್ಕು ಮನೆಯವರು ಕೂಡಿ ಕೊಂಡರೆ ಯಾರಿಗೂ ಭಾರವಾಗುವುದಿಲ್ಲ.

ಚೈನ್: ಹೆಚ್ಚು ಹೊತ್ತು ಕೊಡಬೇಕಾದ ಜಾಗ

ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ನ್ಯೂಟ್ರಲ್‌ಗೆ ತಂದು ಕೀಲಿ ತೆಗೆದಿಡಿ. ಎಂಜಿನ್ ಚಾಲೂ ಮಾಡಿ, ಗೇರ್ ಹಾಕಿ, ತಿರುಗುವ ಚೈನಿಗೆ ಬಟ್ಟೆ ಹಿಡಿಯುವವರನ್ನು ನಾನು ಕಂಡಿದ್ದೇನೆ. ಬಟ್ಟೆಯನ್ನು ಸ್ಪ್ರಾಕೆಟ್‌ನ, ಅಂದರೆ ಚೈನ್ ಓಡುವ ಚಕ್ರದ, ಹಲ್ಲು ಎಳೆದುಕೊಂಡರೆ ಅದರ ಜೊತೆ ಬೆರಳೂ ಹೋಗುತ್ತದೆ. ಗಾಲಿಯನ್ನು ಯಾವಾಗಲೂ ಕೈಯಿಂದಲೇ ತಿರುಗಿಸಿ.

ಚೈನಿನ ಮೇಲೆ ಪೂರ್ತಿ ಕವರ್ ಇರುವ ಬೈಕುಗಳಲ್ಲಿ ಒಳಗೇನಾಗಿದೆ ಎಂಬುದು ಹೊರಗೆ ಕಾಣುವುದಿಲ್ಲ. ಮಳೆಗಾಲ ಮುಗಿದ ಮೇಲೆ ಒಮ್ಮೆ ಕವರಿನ ಬೋಲ್ಟ್‌ಗಳನ್ನು ಬಿಚ್ಚಿ ನೋಡಿ. ಕಳೆದ ಸಲ ನನ್ನ ಗಾಡಿಯ ಕವರ್ ಕೆಳಗಿಳಿಸಿದಾಗ ಒಣಗಿದ ಎರೆ ಮಣ್ಣಿನ ಹೆಂಟೆಗಳು ಅಂಗಳಕ್ಕೆ ಉದುರಿದವು. ಅವುಗಳ ಮೈಮೇಲೆ ಚೈನಿನ ಕೊಂಡಿಗಳ ಅಚ್ಚು ಸಾಲಾಗಿ ಮೂಡಿತ್ತು. ತಿಂಗಳುಗಟ್ಟಲೆ ಆ ಚೈನ್ ಮಣ್ಣನ್ನು ಉಜ್ಜಿಕೊಂಡೇ ಓಡಿತ್ತು ಎಂದರ್ಥ.

ತೊಳೆಯಲು ಸೀಮೆಎಣ್ಣೆ ಒಳ್ಳೆಯದು, ಆದರೆ ಈಗ ಅದು ಸುಲಭವಾಗಿ ಸಿಗುವುದಿಲ್ಲ. ಸಾದಾ ಚೈನಿಗೆ ಸ್ವಲ್ಪ ಡೀಸೆಲ್ ಕೂಡ ನಡೆಯುತ್ತದೆ. ಕೊಂಡಿಗಳ ನಡುವೆ ರಬ್ಬರ್ ಉಂಗುರಗಳಿರುವ ಚೈನಾದರೆ ಅದಕ್ಕೆಂದೇ ಸಿಗುವ ಕ್ಲೀನರ್ ಬಳಸಿ. ಪೆಟ್ರೋಲ್ ಮಾತ್ರ ಬೇಡ, ಅದು ರಬ್ಬರನ್ನು ಕೆಡಿಸುತ್ತದೆ ಮತ್ತು ಒಂದು ಕಿಡಿ ಸಾಕು, ಬೆಂಕಿ ಹತ್ತುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ನಾಲ್ಕೂ ಮಗ್ಗುಲು ತಿಕ್ಕಿ, ಚಿಂದಿ ಬಟ್ಟೆಯಿಂದ ಒರೆಸಿ, ಅರ್ಧ ತಾಸು ಒಣಗಲು ಬಿಡಿ.

ನಂತರ ಎಣ್ಣೆ. ಸ್ಪ್ರೇ ಡಬ್ಬಿ ಕೊಳ್ಳಲೇಬೇಕೆಂದಿಲ್ಲ. 90 ನಂಬರಿನ ಗೇರ್ ಆಯಿಲ್ ಅರ್ಧ ಲೀಟರ್ ತಂದರೆ ವರ್ಷವೆಲ್ಲ ಬರುತ್ತದೆ. ಗಾಲಿಯನ್ನು ನಿಧಾನವಾಗಿ ಹಿಂದಕ್ಕೆ ತಿರುಗಿಸುತ್ತ ಚೈನಿನ ಒಳಮಗ್ಗುಲಿನ ರೋಲರ್‌ಗಳ ಮೇಲೆ ಹನಿಹನಿಯಾಗಿ ಬಿಡಿ. ಚೈನ್ ತಿರುಗುವಾಗ ಎಣ್ಣೆ ತಾನಾಗಿ ಹೊರಮೈಗೆ ಬರುತ್ತದೆ. ಹತ್ತು ನಿಮಿಷ ಬಿಟ್ಟು ಹೊರಗೆ ಉಳಿದಿದ್ದನ್ನು ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಅದಕ್ಕೇ ಅಂಟಿ ಉಪ್ಪುಕಾಗದದಂತೆ ಕೆಲಸ ಮಾಡುತ್ತದೆ. ಎಂಜಿನ್‌ನಿಂದ ಬಸಿದ ಹಳೆಯ ಆಯಿಲನ್ನು ಚೈನಿಗೆ ಹಾಕುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಲೋಹದ ಸಣ್ಣ ಪುಡಿ ಇರುವುದರಿಂದ ಸವಕಳಿ ಇನ್ನೂ ಬೇಗ ಆಗುತ್ತದೆ. 500 ಕಿಲೋಮೀಟರಿಗೆ ಒಮ್ಮೆ ಎಣ್ಣೆ ಬೀಳಬೇಕು. ನನ್ನ ಲೆಕ್ಕದಲ್ಲಿ ಹತ್ತು ದಿನದ ಓಡಾಟಕ್ಕೊಮ್ಮೆ.

ಇನ್ನು ಸಡಿಲ ನೋಡುವುದು. ಕೆಳಗಿನ ಚೈನನ್ನು ನಡುಮಧ್ಯದಲ್ಲಿ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ 20ರಿಂದ 30 ಮಿಲಿಮೀಟರ್ ಆಡಬೇಕು. ಕವರ್ ಇದ್ದರೆ ಅದರ ರಬ್ಬರ್ ಮುಚ್ಚಳ ತೆಗೆದು ಅಲ್ಲಿಂದ ನೋಡಬಹುದು. ನಿಮ್ಮ ಗಾಡಿಯ ನಿಖರ ಅಳತೆ ಕಂಪನಿಯ ಕೈಪಿಡಿಯಲ್ಲಿರುತ್ತದೆ. ಗಾಲಿಯನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ನಾಲ್ಕು ಕಡೆ ನೋಡಿ, ಏಕೆಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಅತಿ ಬಿಗಿಯಾಗಿರುವ ಜಾಗವನ್ನು ಲೆಕ್ಕಕ್ಕೆ ಹಿಡಿದು ಹೊಂದಿಸಿ. ಹಿಂದಿನ ಗಾಲಿಯ ಆಕ್ಸಲ್ ನಟ್ ಸಡಿಲಿಸಿ, ಎರಡೂ ಬದಿಯ ಅಡ್ಜಸ್ಟರ್‌ಗಳನ್ನು ಸಮಸಮವಾಗಿ ತಿರುಗಿಸಬೇಕು. ಅಲ್ಲಿರುವ ಗೆರೆಗಳು ಎರಡೂ ಕಡೆ ಒಂದೇ ಗುರುತಿನಲ್ಲಿರಲಿ, ಇಲ್ಲದಿದ್ದರೆ ಗಾಲಿ ಓರೆಯಾಗಿ ಟೈರೂ ಸವೆಯುತ್ತದೆ. ನಟ್ ಬಿಗಿದ ಮೇಲೆ ಹಿಂದಿನ ಬ್ರೇಕ್ ನೋಡಲು ಮರೆಯಬೇಡಿ. ಡ್ರಮ್ ಬ್ರೇಕ್ ಇರುವ ಗಾಡಿಯಲ್ಲಿ ಗಾಲಿ ಹಿಂದೆ ಸರಿದಾಗ ಬ್ರೇಕ್ ರಾಡ್ ಎಳೆದುಕೊಂಡು, ಬ್ರೇಕ್ ಹಿಡಿದೇ ಓಡುವ ಸಂಭವವಿದೆ.

ಅಡ್ಜಸ್ಟರ್ ಕೊನೆಯ ಗುರುತು ಮುಟ್ಟಿದ್ದರೆ, ಸ್ಪ್ರಾಕೆಟ್ ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚೈನ್, ಸ್ಪ್ರಾಕೆಟ್‌ಗಳ ಪೂರ್ತಿ ಸೆಟ್ ಬದಲಿಸಿ. ಹಳೆಯ ಹಲ್ಲಿಗೆ ಹೊಸ ಚೈನ್ ಹಾಕಿದರೆ ಆ ಹಣ ಕೆಲವೇ ತಿಂಗಳಲ್ಲಿ ಹೋದಂತೆ.

ಏರ್ ಫಿಲ್ಟರ್: ನಮ್ಮ ಧೂಳಿಗೆ ಇದೇ ಬಾಗಿಲು

ಎಂಜಿನ್ ಒಳಗೆ ಹೋಗುವ ಧೂಳಿನಲ್ಲಿ ಗಟ್ಟಿಯಾದ ಮರಳಿನ ಕಣಗಳಿರುತ್ತವೆ. ಅವು ಪಿಸ್ಟನ್ ರಿಂಗುಗಳನ್ನೂ ಸಿಲಿಂಡರನ್ನೂ ಉಜ್ಜಿದರೆ ಗಾಡಿ ಹೊಗೆ ಬಿಡತೊಡಗುತ್ತದೆ. ಆಮೇಲೆ ಸವೆದ ಸಿಲಿಂಡರನ್ನು ಕೊರೆಸುವ ಬೋರ್ ಕೆಲಸವೇ ಗತಿ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಅವಧಿಗಿಂತ ಬೇಗ ಫಿಲ್ಟರ್ ಬದಲಿಸುವುದು ನಮ್ಮ ಜಿಲ್ಲೆಗಳಲ್ಲಿ ದುಂದಲ್ಲ.

ಪಕ್ಕದ ಕವರ್ ತೆಗೆದು, ನಾಲ್ಕೈದು ಸ್ಕ್ರೂ ಬಿಚ್ಚಿದರೆ ಫಿಲ್ಟರ್ ಕೈಗೆ ಬರುತ್ತದೆ. ಸ್ಪಂಜಿನದಾದರೆ ಸೋಪಿನ ನೀರಿನಲ್ಲಿ ತೊಳೆದು, ಹಿಂಡದೆ ಒತ್ತಿ ನೀರು ತೆಗೆದು, ನೆರಳಲ್ಲಿ ಒಣಗಿಸಿ, ತುಸು ಆಯಿಲ್ ಹಚ್ಚಿ ಮತ್ತೆ ಒತ್ತಿ ಹಾಕಬೇಕು. ಒಣ ಕಾಗದದ್ದಾದರೆ ಒಳಗಿನಿಂದ ಹೊರಗೆ ಮೆಲ್ಲನೆ ಗಾಳಿ ಹೊಡೆಯಬಹುದು, ನೀರು ತಾಗಿಸಬಾರದು. ಮುಟ್ಟಿದರೆ ಅಂಟಂಟಾಗಿರುವ ಕಾಗದದ ಫಿಲ್ಟರ್ ಈಗಿನ ಎಷ್ಟೋ ಬೈಕುಗಳಲ್ಲಿದೆ. ಅದಕ್ಕೆ ಗಾಳಿಯನ್ನೂ ಹೊಡೆಯಬಾರದು, ತೊಳೆಯಲೂಬಾರದು, ಹೊಸದನ್ನೇ ಹಾಕಬೇಕು. ಸರ್ವಿಸ್‌ನಲ್ಲಿ ‘ಫಿಲ್ಟರ್ ಕ್ಲೀನ್ ಮಾಡಿದ್ದೇವೆ’ ಎಂದರೆ ಯಾವ ಬಗೆಯ ಫಿಲ್ಟರ್ ಎಂದು ಕೇಳಿ.

ಆಯಿಲ್ ಬದಲಿಸುವಾಗ

ಐದು ನಿಮಿಷ ಎಂಜಿನ್ ಓಡಿಸಿ ಆರಿಸಿ. ಆಯಿಲ್ ಬೆಚ್ಚಗಾದರೆ ಕೊಳೆಯೂ ಜೊತೆಗೆ ಇಳಿಯುತ್ತದೆ. ಕೆಳಗೆ ಅಗಲವಾದ ಪಾತ್ರೆಯಿಟ್ಟು ಡ್ರೈನ್ ಬೋಲ್ಟ್ ಬಿಚ್ಚಿ. ಬೋಲ್ಟಿನ ವಾಷರ್ ಕಳೆದುಹೋಗದಂತೆ ನೋಡಿಕೊಳ್ಳಿ, ಸಾಧ್ಯವಾದರೆ ಪ್ರತಿ ಸಲ ಹೊಸದು ಹಾಕಿ.

ಮತ್ತೆ ಬಿಗಿಯುವಾಗ ನಾನು ಒಮ್ಮೆ ಮೈಭಾರವೆಲ್ಲ ಹಾಕಿ ತಿರುಗಿಸಿದೆ. ಪಾನಾ ಇದ್ದಕ್ಕಿದ್ದಂತೆ ಹಗುರವಾಯಿತು. ಥ್ರೆಡ್ ಕಿತ್ತುಹೋಗಿತ್ತು. ಗಾಡಿ ತಳ್ಳಿಕೊಂಡು ಗ್ಯಾರೇಜಿಗೆ ಹೋದಾಗ ಅಲ್ಲಿನ ಹಿರಿಯ ಉಸ್ತಾದರು ಬೋಲ್ಟನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರ ಸುತ್ತುಗಳಲ್ಲಿ ಬೆಳ್ಳಿಯ ಎಳೆಯಂತೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. “ಗುರುಗಳೇ, ಬೋಲ್ಟ್ ಉಕ್ಕಿನದು, ಎಂಜಿನ್ ಮೈ ಮೆದು. ಮೊದಲು ಬೆರಳಿನಿಂದ ಪೂರ್ತಿ ತಿರುಗಿಸಿ, ವಾಷರ್ ಕೂತ ಮೇಲೆ ಪಾನಾ ಹಾಕಿ ಸ್ವಲ್ಪವೇ ಒತ್ತಿ” ಎಂದರು. ಅಂದಿನಿಂದ ನಾನು ಪಾನಾವನ್ನು ತುದಿಯಲ್ಲಿ ಹಿಡಿಯುವುದಿಲ್ಲ, ಕುತ್ತಿಗೆಯ ಹತ್ತಿರ ಹಿಡಿಯುತ್ತೇನೆ. ಆಗ ಅತಿಯಾದ ಬಲ ಬೀಳುವುದಿಲ್ಲ. ಸ್ಪಾರ್ಕ್ ಪ್ಲಗ್‌ಗೂ ಇದೇ ನಿಯಮ.

ಆಯಿಲ್ ಡಬ್ಬಿಯ ಮೇಲೆ 10ಡಬ್ಲ್ಯು-30 ಅಥವಾ 20ಡಬ್ಲ್ಯು-40 ಎಂಬಂಥ ದರ್ಜೆ ನಿಮ್ಮ ಕೈಪಿಡಿಯಲ್ಲಿರುವುದೇ ಇರಬೇಕು. ಜೊತೆಗೆ ಬೈಕಿನ ಆಯಿಲ್‌ಗೆಂದೇ ಇರುವ ಜಾಸೋ (JASO) ಎಂಎ ಅಥವಾ ಎಂಎ2 ಗುರುತು ನೋಡಿ. ಬೈಕಿನ ಕ್ಲಚ್ ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತದೆ. ಕಾರಿನ ಆಯಿಲ್ ಅಗ್ಗಕ್ಕೆ ಸಿಕ್ಕಿತೆಂದು ಹಾಕಿದರೆ ಅದರಲ್ಲಿರುವ ಜಾರಿಕೆಯ ರಾಸಾಯನಿಕಗಳಿಂದ ಕ್ಲಚ್ ಜಾರತೊಡಗಬಹುದು. ಬಸಿದ ಆಯಿಲನ್ನು ಗಟಾರಕ್ಕಾಗಲಿ ಹೊಲದ ಬದುವಿಗಾಗಲಿ ಸುರಿಯಬೇಡಿ. ಡಬ್ಬಿಯಲ್ಲಿ ತುಂಬಿ ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ. ನಮ್ಮ ಬಾವಿ, ಬೋರ್‌ವೆಲ್‌ಗಳ ನೀರು ಅದೇ ಮಣ್ಣಿನಿಂದ ಬರುವುದು.

ಕೇಬಲ್, ಗಾಳಿ, ಬ್ಯಾಟರಿ

ಕ್ಲಚ್ ಗಟ್ಟಿಯಾದರೆ ಎಷ್ಟೋ ಸಲ ಕೇಬಲ್ ಒಣಗಿರುತ್ತದೆ, ಅಷ್ಟೇ. ಮೇಲಿನ ತುದಿಯನ್ನು ಲಿವರಿನಿಂದ ಬಿಡಿಸಿ. ತೊಳೆದೊಣಗಿಸಿದ ಹಾಲಿನ ಪ್ಯಾಕೆಟ್‌ನ ಒಂದು ಮೂಲೆಯನ್ನು ಕೊಳವೆಯಂತೆ ಕತ್ತರಿಸಿ, ತುದಿಗೆ ಸಣ್ಣ ತೂತು ಮಾಡಿ ಕೇಬಲ್ ಬಾಯಿಗೆ ಸೇರಿಸಿ ರಬ್ಬರ್ ಬ್ಯಾಂಡಿನಿಂದ ಬಿಗಿಯಾಗಿ ಸುತ್ತಿ. ಅದರಲ್ಲಿ ಎರಡು ಚಮಚ ತೆಳು ಆಯಿಲ್ ಹಾಕಿ ರಾತ್ರಿಯಿಡೀ ನೆಟ್ಟಗೆ ಕಟ್ಟಿಡಿ. ಬೆಳಿಗ್ಗೆ ಕೆಳತುದಿಯಲ್ಲಿ ಕಂದು ಬಣ್ಣದ ಹನಿ ಕಂಡರೆ ಆಯಿಲ್ ಪೂರ್ತಿ ಇಳಿದಿದೆ. ಎಳೆಗಳು ಹರಿಯತೊಡಗಿದ್ದರೆ ಮಾತ್ರ ಹೊಸ ಕೇಬಲ್.

ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. 40 ಡಿಗ್ರಿ ಬಿಸಿಲಿನಲ್ಲಿ ಓಡಿಸಿ ಬಂದು ಅಳೆದರೆ ಗೇಜ್ ಹೆಚ್ಚು ತೋರಿಸುತ್ತದೆ. ಬ್ಯಾಟರಿ ಟರ್ಮಿನಲ್‌ಗೆ ಬಿಳಿ ಪುಡಿ ಹಿಡಿದಿದ್ದರೆ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೊದಲು ಪ್ಲಸ್.

ಬಿಡಿ ಭಾಗ ಕೊಳ್ಳುವಾಗ

ಅಂಗಡಿಗೆ ಹಳೆಯ ಭಾಗವನ್ನು ಒರೆಸಿ ಜೊತೆಗೆ ಒಯ್ಯಿರಿ. ಗಾಡಿಯ ಮಾದರಿ, ತಯಾರಾದ ವರ್ಷ, ಪಾರ್ಟ್ ನಂಬರ್ ಬರೆದುಕೊಂಡಿರಿ. ಎಷ್ಟೋ ಭಾಗಗಳನ್ನು ಬೈಕ್ ಕಂಪನಿಗಳು ತಾವೇ ತಯಾರಿಸುವುದಿಲ್ಲ. ಚೈನ್, ಪ್ಲಗ್, ಬೇರಿಂಗ್ ಮಾಡುವ ಕಂಪನಿಗಳು ಅವುಗಳನ್ನು ತಮ್ಮದೇ ಹೆಸರಿನ ಪೆಟ್ಟಿಗೆಯಲ್ಲೂ ಮಾರುತ್ತವೆ, ಕೆಲವೊಮ್ಮೆ ಕಡಿಮೆ ಬೆಲೆಗೆ. ನಿಮ್ಮ ಗಾಡಿಯ ಹಳೆಯ ಭಾಗದ ಮೇಲೆಯೇ ಆ ಹೆಸರು ಅಚ್ಚಾಗಿರುತ್ತದೆ, ಓದಿ ನೋಡಿ.

2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿ ಭಾಗಗಳಿಗೆ ಶೇ 18ರ ಜಿಎಸ್‌ಟಿ ಇದೆ. ಅದಕ್ಕೂ ಮೊದಲು ಅನೇಕ ಭಾಗಗಳ ಮೇಲೆ ಶೇ 28 ಇತ್ತು. ಹಳೆಯ ಎಂಆರ್‌ಪಿ ಮುದ್ರಿಸಿದ ಪೆಟ್ಟಿಗೆ ಕೊಟ್ಟರೆ ಈಗಿನ ದರ ಕೇಳಿ, ಬಿಲ್ ತೆಗೆದುಕೊಳ್ಳಿ. ಬಿಲ್ ಇಲ್ಲದೆ ನಕಲಿ ಮಾಲನ್ನು ಹಿಂದಿರುಗಿಸಲು ಆಗುವುದಿಲ್ಲ.

ಕನ್ನಡಿ, ಗ್ರಿಪ್, ಫುಟ್‌ರೆಸ್ಟ್ ರಬ್ಬರ್, ಮಡ್ ಫ್ಲ್ಯಾಪ್ ಇವುಗಳಲ್ಲಿ ಬೇಕಾದಷ್ಟು ಉಳಿಸಿ. ಬ್ರೇಕ್ ಶೂ, ಟೈರ್, ಟ್ಯೂಬ್, ಗಾಲಿ ಬೇರಿಂಗ್‌ಗಳಲ್ಲಿ ಒಂದು ರೂಪಾಯಿಯನ್ನೂ ಉಳಿಸಬೇಡಿ. ಹಿಂದೆ ಹೆಂಡತಿ ಮಕ್ಕಳು ಕುಳಿತಿರುತ್ತಾರೆ, ಮುಂದೆ ಕಬ್ಬಿನ ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ಹಿಂದಿನ ದೀಪವಿಲ್ಲದೆ ನಿಂತಿರುತ್ತದೆ. ಆ ಹೊತ್ತಿಗೆ ಕೈಗೆ ಸಿಗುವುದು ಬ್ರೇಕ್ ಒಂದೇ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

2020ರ ಏಪ್ರಿಲ್ ನಂತರದ ಬಿಎಸ್6 ಗಾಡಿಗಳ ಫ್ಯೂಯಲ್ ಇಂಜೆಕ್ಷನ್, ಸೆನ್ಸರ್, ವೈರಿಂಗ್‌ಗಳಿಗೆ ಮನೆಯಲ್ಲಿ ಕೈ ಹಾಕಬೇಡಿ. ಡಿಸ್ಕ್ ಬ್ರೇಕಿನ ಆಯಿಲ್, ಫೋರ್ಕ್, ವಾಲ್ವ್ ಕೆಲಸವನ್ನೂ ತಿಳಿದವರಿಗೇ ಬಿಡಿ. ಹಳೆಯ ಗಾಡಿ ಇರುವವರು ಪೆಟ್ರೋಲ್ ಪೈಪನ್ನು ಮಾತ್ರ ಆಗಾಗ ಬಾಗಿಸಿ ನೋಡುತ್ತಿರಿ. ನಮ್ಮದೇ ಜಿಲ್ಲೆಗಳ ಕಬ್ಬಿನಿಂದಲೂ ತಯಾರಾಗುವ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರವರೆಗೆ ಬೆರೆತು ಬರುತ್ತಿದೆ, ಹಳೆಯ ರಬ್ಬರಿಗೆ ಅದು ಒಗ್ಗದಿರಬಹುದು. ಬಿರುಕು ಕಂಡರೆ ಅಂದೇ ಬದಲಿಸಿ.

ಎಲ್ಲ ಬಿಗಿದಾದ ಮೇಲೆ ಓಣಿಯಲ್ಲೇ ನಿಧಾನವಾಗಿ ಒಂದು ಸುತ್ತು ಹೋಗಿ ಎರಡೂ ಬ್ರೇಕ್ ಹಿಡಿದು ನೋಡಿ. ರಾತ್ರಿ ಗಾಡಿ ನಿಲ್ಲಿಸುವಾಗ ಎಂಜಿನ್ ಕೆಳಗೆ ಹಳೆಯ ಪತ್ರಿಕೆಯ ಒಂದು ಹಾಳೆ ಹಾಸಿಡಿ. ಬೆಳಿಗ್ಗೆ ಅದರ ಮೇಲೆ ಆಯಿಲ್ ಹನಿಯ ಕಲೆ ಇದ್ದರೆ ಶಾಲೆಗೋ ಹೊಲಕ್ಕೋ ಹೊರಡುವ ಮೊದಲು ಡ್ರೈನ್ ಬೋಲ್ಟನ್ನು ಇನ್ನೊಮ್ಮೆ ಮುಟ್ಟಿ ನೋಡಿ.